ಅಜ್ಜಿಗೆ ನಾನು ತೋರಿಸಿದ ಸಮುದ್ರ

ನಾನು ಚಿಕ್ಕವನಿದ್ದಾಗ ಒಂದು ಹೊಳೆಯನ್ನು ಸಮುದ್ರ ಎಂದು ಸಾರಿ, ನಮ್ಮಜ್ಜಿಯ ಕೈಯಲ್ಲಿ ಅದಕ್ಕೆ ಪೂಜೆ ಮಾಡಿಸಿ, ಆಚೆ ದಡದಲ್ಲಿ ಮೇಯುತ್ತಿದ್ದ ಎಮ್ಮೆಯನ್ನು ಅರಬ್ ದೇಶದ ಎಮ್ಮೆ ಎಂದು ತೋರಿಸಿಕೊಟ್ಟವನು. ನಿಮ್ಮ ತಾತ ಇಂಥವನು ಎಂದು ನಾನೇ ಮೊದಲು ಒಪ್ಪಿಕೊಂಡುಬಿಡುತ್ತೇನೆ ಮಕ್ಕಳೇ. ಇಲ್ಲದಿದ್ದರೆ ನನ್ನ ಅಕ್ಕ ಫೋನು ಮಾಡಿ ಹೇಳುತ್ತಾಳೆ, ಅದೂ ಒಂದಕ್ಕೆ ನಾಲ್ಕು ಸೇರಿಸಿ.

ಆಗ ನನಗೆ ಹತ್ತು ವರ್ಷ. ತಿಪಟೂರಿನ ಹತ್ತಿರ ಬಿಳಿಗೆರೆಯಲ್ಲಿ ನಮ್ಮ ಮನೆ. ಮನೆಯ ಸುತ್ತ ತೆಂಗು, ತೆಂಗಿನ ಆಚೆಗೆ ಇನ್ನಷ್ಟು ತೆಂಗು, ಅಟ್ಟದ ಮೇಲೆ ಕೊಬ್ಬರಿಯಾಗಲು ವರ್ಷಗಟ್ಟಲೆ ಮಲಗಿರುತ್ತಿದ್ದ ಕಾಯಿಗಳು. ನಾವು ಕಂಡ ಅತಿ ದೊಡ್ಡ ನೀರು ಎಂದರೆ ಕೆರೆ. ಅದೂ ಮಳೆ ಚೆನ್ನಾಗಿ ಬಂದ ವರ್ಷ ಮಾತ್ರ. ಉಳಿದ ವರ್ಷಗಳಲ್ಲಿ ಅದರ ಅಂಗಳದಲ್ಲಿ ನಾವು ಚಿನ್ನಿದಾಂಡು ಆಡುತ್ತಿದ್ದೆವು.

ನಮ್ಮ ತೋಟವನ್ನು ಎಬ್ಬಿಸಿದವಳು ಅಪ್ಪನ ಅವ್ವ, ಅಂದರೆ ನಮ್ಮಜ್ಜಿ. ತೆಂಗಿನ ಸಸಿ ಬೇರು ಬಿಟ್ಟು ಗಟ್ಟಿಯಾಗುವ ತನಕ ಬೇಸಿಗೆಯಲ್ಲಿ ಕೈನೀರು ಹಾಕಿಯೇ ಉಳಿಸಿಕೊಳ್ಳಬೇಕು. ಅಜ್ಜಿ ಕೆರೆಯಿಂದ ತೋಟಕ್ಕೆ ತಲೆಯ ಮೇಲೊಂದು, ಸೊಂಟದಲ್ಲೊಂದು ಬಿಂದಿಗೆ ಹೊತ್ತು ವರ್ಷಗಟ್ಟಲೆ ನಡೆದವಳು. ಅವಳಿಗೆ ಬದುಕಿನಲ್ಲಿ ಒಂದೇ ಒಂದು ಆಸೆ ಉಳಿದಿತ್ತು. "ಆಚೆ ದಡವೇ ಕಾಣ್ದಂಗಿರೋ ನೀರಂತೆ ಕಣ್ಲಾ ಸಮುದ್ರ. ಹೊತ್ತು ಮುಳುಗೋದೂ ಅದ್ರೊಳಕ್ಕೇ ಅಂತೆ. ಒಂದ್ಸಲ ನೋಡ್ಬುಟ್ರೆ ಸಾಕು" ಎನ್ನುತ್ತಿದ್ದಳು. ಆ ವರ್ಷ ಅವಳ ಬಲಗಣ್ಣಿಗೆ ಪೊರೆ ಬಂತು. ಎಡಗಣ್ಣೂ ಮಬ್ಬಾಗುತ್ತಿತ್ತು. ಅಪ್ಪ ಇನ್ನು ತಡ ಮಾಡಬಾರದು ಎಂದು ದಸರಾ ರಜದಲ್ಲಿ ಹೊರಟೇಬಿಟ್ಟ. ಹೊರಟವರು ನಾಲ್ಕು ಜನ: ಅಪ್ಪ, ಅಜ್ಜಿ, ನನಗಿಂತ ಮೂರು ವರ್ಷ ದೊಡ್ಡವಳಾದ ಅಕ್ಕ, ಮತ್ತು ನಾನು. ಅಮ್ಮ ಹಸುಗೂಸಾಗಿದ್ದ ತಮ್ಮನ ಜೊತೆ ಮನೆಯಲ್ಲೇ ಉಳಿದಳು. ಎರಡೇ ದಿನದ ಪ್ರಯಾಣ. ಮೂರನೆಯ ದಿನ ತೋಟಕ್ಕೆ ಕಾಯಿ ಕೀಳುವವರು ಬರುವವರಿದ್ದರು.

ಅಪ್ಪನ ಹತ್ತಿರ ಒಂದು ಹಳೇ ಕಾರಿತ್ತು. ಅದರ ಹಿಂದಿನ ಬಾಗಿಲು ತೆಂಗಿನ ನಾರಿನ ಹಗ್ಗ ಕಟ್ಟಿದರೆ ಮಾತ್ರ ಮುಚ್ಚಿಕೊಳ್ಳುತ್ತಿತ್ತು. ಹಗ್ಗ ಹಿಡಿದು ಕೂರುವ ಕೆಲಸ ಅಕ್ಕನದು. ನನಗೆ ಇನ್ನೂ ದೊಡ್ಡ ಹುದ್ದೆ ಸಿಕ್ಕಿತು: ಮುಂದಿನ ಸೀಟಿನಲ್ಲಿ ಕೂತು ದಾರಿ ಹೇಳುವುದು. ಯಾಕೆಂದರೆ ನಮ್ಮ ನಾಲ್ವರಲ್ಲಿ ಯಾರೂ ಸಮುದ್ರ ನೋಡಿರಲಿಲ್ಲ, ಆದರೆ ನಾನು ಪರೀಕ್ಷೆಯಲ್ಲಿ ಭೂಪಟದ ಎಡಗಡೆ 'ಅರಬ್ಬಿ ಸಮುದ್ರ' ಎಂದು ಸರಿಯಾಗಿ ಬರೆದಿದ್ದೆ. ಅಷ್ಟಕ್ಕೇ ನಾನು ಆ ಸಮುದ್ರದ ಯಜಮಾನನಂತೆ ಓಡಾಡುತ್ತಿದ್ದೆ. ಸಮಾಜ ಪುಸ್ತಕವನ್ನೂ ತೊಡೆಯ ಮೇಲಿಟ್ಟುಕೊಂಡಿದ್ದೆ.

ಕೋಳಿ ಕೂಗುವ ಮುಂಚೆ ಹೊರಟವರಿಗೆ ಅರಸೀಕೆರೆ ದಾಟುವಾಗ ಬೆಳಕು ಹರಿಯಿತು. ಹಾಸನದಲ್ಲಿ ಬುತ್ತಿ ಬಿಚ್ಚಿ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದೆವು. ಸಕಲೇಶಪುರ ದಾಟಿ ಘಾಟಿ ಇಳಿಯತೊಡಗಿದೆವು. ಅಷ್ಟು ಹಸಿರನ್ನು ನಾವು ಒಟ್ಟಿಗೆ ನೋಡಿರಲಿಲ್ಲ. ಬಂಡೆಗಳು ಬೆವರುತ್ತಿದ್ದವು. ತಿರುವು ತಿರುವಿಗೂ ಬೆಟ್ಟದಿಂದ ನೀರು ಧುಮುಕಿ, ರಸ್ತೆಯ ಮೋರಿ ನುಗ್ಗಿ, ಯಾರಿಗೂ ಬೇಡವಾದದ್ದರ ಹಾಗೆ ಕೆಳಗಿನ ಕಾಡಿಗೆ ಬೀಳುತ್ತಿತ್ತು. ಪ್ರತಿ ಝರಿಗೂ ಅಜ್ಜಿ ಕಾರು ನಿಲ್ಲಿಸಿದಳು.

"ಈ ನೀರ್ನ ಯಾರೂ ಹಿಡ್ಕಳಲ್ವೇನ್ಲಾ? ಇಂಗೇ ಬುಟ್ಬುಡ್ತಾರಾ?" ಎಂದು ಅಪ್ಪನನ್ನು ಕೇಳಿದಳು.

"ಇಲ್ಲಿ ಯಾರಿಗ್ ಬೇಕವ್ವ" ಎಂದ ಅಪ್ಪ.

ಅಜ್ಜಿ ಬುತ್ತಿಯ ಡಬ್ಬಿಯನ್ನೇ ತೊಳೆದು ಅದರ ತುಂಬ ನೀರು ಹಿಡಿದುಕೊಂಡಳು. ಅದು ಮುಂದಿನ ತಿರುವಿನಲ್ಲಿ ಅಕ್ಕನ ಲಂಗದ ಮೇಲೆ ಚೆಲ್ಲಿತು. ನಾನು ನಗಲಿಲ್ಲ, ನಗುವ ಸ್ಥಿತಿಯಲ್ಲಿರಲಿಲ್ಲ. ತಿರುವುಗಳ ಲೆಕ್ಕಕ್ಕೆ ಸರಿಯಾಗಿ ನನ್ನ ಹೊಟ್ಟೆಯೊಳಗೆ ರೊಟ್ಟಿಯೂ ತಿರುಗುತ್ತಿತ್ತು. ಕೊನೆಗೆ ಅದು ಹೊರಗೆ ಬಂದದ್ದು ಪುಸ್ತಕದಲ್ಲಿದ್ದ ಕರ್ನಾಟಕದ ಭೂಪಟದ ಮೇಲೆ.

ಘಾಟಿ ಇಳಿದ ಮೇಲೆ ನಿಲ್ಲಿಸುವ ಸರದಿ ಅಪ್ಪನದು. ಕೆಂಪು ಕಲ್ಲಿನ ಗೋಡೆ, ಹೆಂಚಿನ ಮನೆ, ಪುಟ್ಟ ಪುಟ್ಟ ಊರು, ಊರೂರಿಗೂ ತೆಂಗು. ತೆಂಗು ಕಂಡಲ್ಲೆಲ್ಲ ಅಪ್ಪನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. ತೋಟದವರನ್ನು ಕೂಗಿ ಕರೆದು, "ಕಾಯಿನ ಅಟ್ಟಕ್ಕೆ ಹಾಕಲ್ವಾ ನೀವು? ಹಸೀದೇ ಮಾರ್‍ಬುಡ್ತೀರಾ? ಅಯ್ಯೋ!" ಎಂದು, ಅವರ ಮನೆಯಲ್ಲಿ ಸಾವಾಗಿದೆಯೇನೋ ಎಂಬಂತೆ ಮರುಗುತ್ತಿದ್ದ. ಹೀಗೆ ಮರುಗುತ್ತ ಮರುಗುತ್ತ ಮಂಗಳೂರು ದಾಟುವಾಗಲೇ ಮಧ್ಯಾಹ್ನ ಕಳೆದಿತ್ತು. ಅಜ್ಜಿ ಆಗಾಗ ಕಿಟಕಿಯಿಂದ ತಲೆ ಹೊರಹಾಕಿ ಸೂರ್ಯ ಎಲ್ಲಿದ್ದಾನೆಂದು ನೋಡುತ್ತಿದ್ದಳು.

ಉಡುಪಿ ಇನ್ನೂ ಸ್ವಲ್ಪ ದೂರವಿರುವಾಗ ಒಬ್ಬ ಅಂಗಡಿಯವನು, ಎಡಕ್ಕೆ ಹೋದರೆ ಕಡಲು ಸಿಗುತ್ತದೆ ಎಂದ. ಎಡಕ್ಕೆ ಹೋದೆವು. ಮುಂದೆ ದಾರಿ ಕವಲೊಡೆಯಿತು. ನಾನು ಒದ್ದೆ ಭೂಪಟವನ್ನು ಗಂಭೀರವಾಗಿ ನೋಡಿ, "ಇನ್ನೊಂದ್ಸಲ ಎಡಕ್ಕೆ" ಎಂದೆ. ಭೂಪಟದಲ್ಲಿ ಆ ಊರೇ ಇರಲಿಲ್ಲ. ಅದು ಒಂದು ಕಾರು ಹಿಡಿಸುವಷ್ಟೇ ಅಗಲದ ರಸ್ತೆ. ಬಲಗಡೆ ಒತ್ತಾಗಿ ಮನೆಗಳು, ತೆಂಗಿನ ಮರಗಳು. ಎಡಗಡೆ ಮರಗಳ ಸಂದಿಯಲ್ಲಿ ಫಳ್ ಎಂದು ಏನೋ ಹೊಳೆಯಿತು.

"ಸಮುದ್ರಾ!" ಎಂದು ನಾನು ಕಿರುಚಿದ ರಭಸಕ್ಕೆ ಕಾರು ತಾನೇ ನಿಂತಿತು.

ಇಳಿದು ನೋಡಿದೆವು. ನಮ್ಮೂರಿನಂಥ ಹತ್ತು ಕೆರೆ ಒಟ್ಟಿಗೆ ಮಲಗಿದಂಥ ನೀರು. ಮೇಲೆ ದೋಣಿಗಳು, ಬಿಳಿ ಕೊಕ್ಕರೆಗಳು, ಬಿಸಿಲಿನ ಚಿನ್ನದ ಪುಡಿ. ಅಪ್ಪ ಬಾಯಿ ತೆರೆದವನು ಮುಚ್ಚಲಿಲ್ಲ. ನಾನು ಓಡಿ ಹೋಗಿ ಒಂದು ಬೊಗಸೆ ನೀರು ಬಾಯಿಗೆ ಹಾಕಿಕೊಂಡೆ. ಉಪ್ಪು! ಪುಸ್ತಕದಲ್ಲಿ ಹೇಳಿದಂತೆಯೇ ಉಪ್ಪು! ಇನ್ನೇನು ಸಾಕ್ಷಿ ಬೇಕು?

ಅಜ್ಜಿ ಮಾತ್ರ ಕಣ್ಣಿನ ಮೇಲೆ ಕೈ ಮರೆ ಮಾಡಿಕೊಂಡು ಬಹಳ ಹೊತ್ತು ನೋಡಿದಳು. "ಲೇ ಮಗಾ, ಆಚೆ ದಡ ಕಾಣ್ತದಲ್ಲೋ?"

ನನಗೆ ಪರೀಕ್ಷೆಯಲ್ಲಿ ಬರೆದದ್ದು ನೆನಪಾಯಿತು. "ಅದು ಅರಬ್ ದೇಶ ಅಜ್ಜಿ. ಅದಕ್ಕೇ ಇದು ಅರಬ್ಬಿ ಸಮುದ್ರ."

"ಅಲ್ಲಿ ಎಮ್ಮೆ ಮೇಯ್ತಾ ಅದೆ" ಎಂದಳು ಅಕ್ಕ.

"ಅರಬ್ ದೇಶದ ಎಮ್ಮೆ."

"ಎಮ್ಮೆ ಕಾಯೋನು ಪಂಚೆ ಉಟ್ಟವ್ನಲ್ಲೋ?"

"ಬಿಸ್ಲಲ್ವಾ ಅಲ್ಲಿ, ಅದಕ್ಕೆ."

ಅಕ್ಕ ಬಿಡುವವಳಲ್ಲ. "ಸಮುದ್ರ ಪಶ್ಚಿಮಕ್ಕಿರೋದು ತಾನೇ? ಸೂರ್ಯ ನಮ್ ಬೆನ್ನಿಗವ್ನೆ."

"ಘಾಟೀಲಿ ಅಷ್ಟೊಂದ್ ತಿರುವು ತಿರುಗಿದೀವಿ. ದಿಕ್ಕೂ ತಿರುಗಿರ್ತದೆ ಕಣೇ!"

ಅಪ್ಪ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಐದನೇ ಕ್ಲಾಸಿನವನ ಮಾತನ್ನು ಅವನು ಹೇಗೆ ತೆಗೆದುಹಾಕಿಯಾನು? ಅಜ್ಜಿ ಹೂಂ ಎಂದಳು. ಅವಳ ಮುಖದಲ್ಲಿ ಏನೋ ಒಂದು ಸಣ್ಣಗೆ ಬಾಡಿದ್ದು ನನಗೆ ಕಾಣಿಸಿತು. ಆದರೂ ಅವಳು ಮನೆಯಿಂದ ತಂದಿದ್ದ ಕಾಯಿಗೆ, ತಾನೇ ನೀರು ಹೊತ್ತು ಬೆಳೆಸಿದ ಮೊದಲ ಮರದ ಕಾಯಿಗೆ, ವಿಭೂತಿ ಹಚ್ಚಿ ಹೂವಿಟ್ಟು ನೀರಿಗೆ ಬಿಟ್ಟಳು. ಕೈ ಮುಗಿದಳು. "ಸರಿ, ಹೋಗನ ನಡ್ರಪ್ಪ" ಎಂದಳು.

ಅಪ್ಪ ಕಾರಿನ ಕಡೆ ತಿರುಗುತ್ತ, "ಏನ್ ಗಾಳಿ ಕಣ್ಲಾ ಇವ್ರ ತೋಟದಲ್ಲಿ! ಬಂದಾಗ್ಲಿಂದ ಒಂದೇ ಸಮ ಹೊಯ್ತಾ ಅದೆ" ಎಂದ. ನಿಜ. ರಸ್ತೆಯ ಬಲಗಡೆಯ ತೆಂಗುಗಳ ಹಿಂದೆ ದೊಡ್ಡ ಸದ್ದೊಂದಿತ್ತು. ಆಷಾಢದಲ್ಲಿ ನಮ್ಮ ತೋಟಕ್ಕೆ ಗಾಳಿ ನುಗ್ಗಿದಾಗ ಗರಿಗಳೆಲ್ಲ ಒಟ್ಟಿಗೆ ಮೊರೆಯುತ್ತವಲ್ಲ, ಅದೇ ಸದ್ದು. ಹುಟ್ಟಿದಾಗಿನಿಂದ ಕೇಳಿದ್ದೇ ಆದ್ದರಿಂದ ನಮ್ಮಲ್ಲಿ ಒಬ್ಬರೂ ತಿರುಗಿ ನೋಡಿರಲಿಲ್ಲ.

ಅಷ್ಟರಲ್ಲಿ ಎದುರು ಮನೆಯಿಂದ ಒಬ್ಬ ಹೆಂಗಸು, ತಲೆಯ ಮೇಲೆ ಮೀನಿನ ಖಾಲಿ ಬುಟ್ಟಿ ಇಟ್ಟುಕೊಂಡವಳು, ನಮ್ಮ ಪೂಜೆಯನ್ನೆಲ್ಲ ನೋಡಿ ತಡೆಯಲಾರದೆ ಬಂದಳು.

"ಎಂತ ಮಾರಾಯ್ರೇ, ಹೊಳೆಗೆ ಯಾಕೆ ಪೂಜೆ?"

"ಹೊಳೆಯಾ? ಸಮುದ್ರ ಅಲ್ವಾ ತಾಯಿ?" ಎಂದ ಅಪ್ಪ.

"ಇದು ಹೊಳೆ, ಕಡಲಿನ ಉಪ್ಪುನೀರು ಒಳಗೆ ಬರುವುದು ಅಷ್ಟೇ. ಕಡಲು ನಿಮ್ಮ ಬೆನ್ನ ಹಿಂದೆ ಉಂಟಲ್ಲ. ಸದ್ದು ಕೇಳುವುದಿಲ್ವಾ?"

"ಅದು ತೋಟದ ಗಾಳಿ ಸದ್ದಲ್ವಾ?"

ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ನಕ್ಕಳು. "ಗಾಳಿಯಾ? ಮೇಲೆ ನೋಡಿ. ಒಂದಾದರೂ ಗರಿ ಅಲ್ಲಾಡ್ತಾ ಉಂಟಾ?"

ನಾವು ನಾಲ್ವರೂ ತಲೆಯೆತ್ತಿದೆವು. ಅಲ್ಲಿದ್ದ ಅಷ್ಟೂ ಮರಗಳಲ್ಲಿ ಒಂದೇ ಒಂದು ಗರಿ ಅಲುಗುತ್ತಿರಲಿಲ್ಲ. ಚಿತ್ರದಲ್ಲಿ ಬರೆದ ಹಾಗೆ ನಿಂತಿದ್ದವು. ಆ ಸದ್ದು ಮಾತ್ರ ಮೊರೆಯುತ್ತಲೇ ಇತ್ತು. ಹಾಗಾದರೆ ಗರಿಗಳಿಲ್ಲದೆ ಮೊರೆಯುತ್ತಿರುವುದು ಏನು? ಅಕ್ಕ ನನ್ನನ್ನು ಹಂಗಿಸುವುದನ್ನೂ ಮರೆತು ನನ್ನ ಅಂಗಿಯ ಚುಂಗು ಹಿಡಿದುಕೊಂಡಳು.

ಅಜ್ಜಿ ನೀರಿನ ಕಡೆ ತಿರುಗಿದಳು. "ಕಾಯಿ ಹೋಯ್ತಲ್ಲವ್ವ. ಇನ್ನೊಂದಿಲ್ಲ."

"ಹೊಳೆಗೆ ಹಾಕಿದ್ದು ಕಡಲಿಗೇ ಹೋಗುವುದು ಅಜ್ಜೀ. ನೀವು ಬೇಗ ಹೋಗಿ, ಸೂರ್ಯ ಕಾಯುವುದಿಲ್ಲ!"

ಎರಡು ಮನೆಗಳ ನಡುವಿನ ಓಣಿಯಲ್ಲಿ ಓಡಿದೆವು. ಕಾಲ ಕೆಳಗೆ ಮಣ್ಣು ಹೋಗಿ ಮರಳು ಬಂತು. ಅಜ್ಜಿಯ ಮಂಡಿ ಮರಳಿನಲ್ಲಿ ಏಳಲಿಲ್ಲ. ಒಂದು ಹೆಜ್ಜೆ ಮುಂದಿಟ್ಟರೆ ಅರ್ಧ ಹೆಜ್ಜೆ ಹಿಂದೆ ಜಾರುತ್ತಿತ್ತು. ಸೂರ್ಯ ಆಗಲೇ ಮರದ ಬೊಡ್ಡೆಗಳ ನಡುವೆ ಕೆಂಪಗೆ ಇಳಿದಿದ್ದ. ನಾನು ಮಾಡಿದ ತಪ್ಪಿಗೆ ಇನ್ನೊಂದು ಗಳಿಗೆಯಲ್ಲಿ ಎಲ್ಲ ಮುಗಿದುಹೋಗುತ್ತದೆ ಎಂದು ನನಗೆ ಅಳು ಬಂತು. ಅಪ್ಪ ಬಗ್ಗಿ ಅಜ್ಜಿಯನ್ನು ಬೆನ್ನಿನ ಮೇಲೆ ಹೊತ್ತುಕೊಂಡ. ನಾನೂ ಅಕ್ಕನೂ ಹಿಂದಿನಿಂದ ಅಪ್ಪನನ್ನು ತಳ್ಳಿದೆವು. ಹಾಗೆ ಮರಳದಿನ್ನೆಯ ನೆತ್ತಿ ಹತ್ತಿದೆವು.

ಅಲ್ಲಿ ಭೂಮಿ ಮುಗಿದಿತ್ತು.

ಮಕ್ಕಳೇ, ಅದನ್ನು ಹೇಗೆ ಹೇಳಲಿ? ನಾನು ಅಭ್ಯಾಸಬಲದಿಂದ ಆಚೆ ದಡ ಹುಡುಕಿದೆ. ಕಣ್ಣು ಹೋಗಿ ಹೋಗಿ ನಿಲ್ಲಲು ಜಾಗ ಸಿಗದೆ ಸುಸ್ತಾಗಿ ಹಿಂದಕ್ಕೆ ಬಂತು. ನೀರು ಎದ್ದು, ಗೋಡೆಯಾಗಿ, ನಮ್ಮ ಕಡೆಗೇ ನಡೆದು ಬಂದು, ಕುಸಿದು, ಬಿಳಿ ನೊರೆಯಾಗಿ ಹಾಸಿಕೊಳ್ಳುತ್ತಿತ್ತು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಎದೆಯೊಳಗೇ ಯಾರೋ ಗುದ್ದಿದ ಹಾಗೆ ಸದ್ದು. ದೂರದಲ್ಲಿ ಸೂರ್ಯ ನೀರಿಗೆ ಕಾಲಿಡುತ್ತಿದ್ದ, ನೀರು ಅವನವರೆಗೂ ಒಂದು ಕೆಂಪು ಹಾದಿ ಹಾಸಿತ್ತು. ನನ್ನ ಕೈಯಿಂದ ಸಮಾಜ ಪುಸ್ತಕ ಯಾವಾಗ ಬಿತ್ತೋ ತಿಳಿಯಲಿಲ್ಲ.

ಅಪ್ಪನ ಬೆನ್ನಿನಿಂದ ಇಳಿದ ಅಜ್ಜಿ ಕೈ ಮುಗಿಯಲಿಲ್ಲ. ಮರಳಿನ ಮೇಲೆ ಕುಸಿದು ಕೂತು, ಎಡಗಣ್ಣನ್ನು ಸೆರಗಿನಿಂದ ಒರೆಸಿಕೊಂಡು ಒರೆಸಿಕೊಂಡು ನೋಡಿದಳು. ಸೂರ್ಯ ಪೂರ್ತಿ ಮುಳುಗುವ ತನಕ ರೆಪ್ಪೆ ಬಡಿದಳೋ ಇಲ್ಲವೋ. ಆಮೇಲೆ ತನ್ನಷ್ಟಕ್ಕೆ, ಬಹಳ ಸಣ್ಣ ದನಿಯಲ್ಲಿ, "ಇಷ್ಟು ನೀರ್ನ ಯಾರ್ ಹೊತ್ತಾಕುದ್ರೋ" ಎಂದಳು.

ಹೋದ ತಿಂಗಳು ನೀವು ನನ್ನನ್ನು ಅದೇ ಕರಾವಳಿಗೆ ಕರೆದುಕೊಂಡು ಹೋದಿರಿ. ಅಗಲವಾದ ರಸ್ತೆ, ತಣ್ಣನೆಯ ಕಾರು. ದಾರಿ ಹೇಳುವ ಹುದ್ದೆ ಈಗ ಫೋನಿನೊಳಗಿನ ಹೆಂಗಸಿನದು. ಒಳ್ಳೆಯದೇ ಆಯಿತು, ಅವಳು ಯಾವ ಎಮ್ಮೆಯನ್ನೂ ಪರದೇಶಕ್ಕೆ ಕಳಿಸುವುದಿಲ್ಲ, ಯಾರ ಪುಸ್ತಕದ ಮೇಲೂ ವಾಂತಿ ಮಾಡುವುದಿಲ್ಲ. ಕಡಲು ಇನ್ನೆಷ್ಟು ದೂರ, ಸೂರ್ಯ ಎಷ್ಟು ಗಂಟೆಗೆ ಮುಳುಗುತ್ತಾನೆ, ಎಲ್ಲ ನಿಮಗೆ ಮನೆಯಲ್ಲೇ ಗೊತ್ತಿತ್ತು. ಆ ತೀರದ ಫೋಟೋಗಳನ್ನೂ ನೋಡಿ ಮುಗಿಸಿದ್ದಿರಿ. ಇವರಿಗೆ ನೋಡಲು ಇನ್ನೇನು ಉಳಿದಿದೆ ಎಂದು ನಾನು ಒಳಗೊಳಗೇ ಗೊಣಗಿಕೊಂಡೆ. ಆದರೆ ಮರಳಿಗೆ ಇಳಿದದ್ದೇ ನಿಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು ಕೈಯಲ್ಲಿದ್ದ ಚಪ್ಪಲಿ ಬಿಟ್ಟು ಬಾಯಿ ತೆರೆದು ನಿಂತಳಲ್ಲ? ಆಗ ನನ್ನ ಗೊಣಗಾಟ ನಿಂತಿತು.

ಅಜ್ಜಿಯ ಜೊತೆಗಿನ ಆ ಪ್ರಯಾಣದ ಮಾರನೆಯ ಬೆಳಿಗ್ಗೆ ವಾಪಸ್ಸು ಘಾಟಿ ಹತ್ತುತ್ತಿದ್ದೆವು. ನಾನು ಮುಂದಿನ ಸೀಟಿಗೆ ಹೋಗದೆ, ಹಿಂದೆ ಅಜ್ಜಿಯ ಪಕ್ಕದಲ್ಲಿ ಮುಖ ಊದಿಸಿಕೊಂಡು ಕೂತಿದ್ದೆ. ಅಕ್ಕ ಆಗಲೇ ಇಪ್ಪತ್ತು ಸಲ 'ಅರಬ್ ಎಮ್ಮೆ' ಎಂದಿದ್ದಳು. ಅಜ್ಜಿ ನನ್ನ ತಲೆಯನ್ನು ತನ್ನ ತೊಡೆಗೆ ಎಳೆದುಕೊಂಡಳು.

"ಬೇಜಾರ್ ಮಾಡ್ಕಬ್ಯಾಡ ಕಣ್ಲಾ ಮಗಾ. ಆ ಹೊಳೇನ ಸಮುದ್ರ ಅಂತ ನೀನು ಹೇಳ್ಬೇಕಾಯ್ತು, ನಾನು ನಂಬ್ಕಂಡೆ. ದಿನ್ನೆ ಹತ್ತಿ ನೋಡುದ್ ಮ್ಯಾಲೆ, ಇದು ಸಮುದ್ರ ಅಂತ ಯಾರಾನಾ ಹೇಳ್ಬೇಕಾಯ್ತೇನ್ಲಾ?"