ವೈಂಡಿಂಗ್ ಕಾಶೀನಾಥನ ಕಿವಿಯೋಲೆ

ಚಿತ್ತಾಪುರದಲ್ಲಿ ಬರೀ ಕಾಶೀನಾಥನ ಮನೆ ಎಲ್ಲಿ ಎಂದು ಕೇಳಿದರೆ ಯಾರೂ ಹೇಳಲಾರರು, ವೈಂಡಿಂಗ್ ಕಾಶೀನಾಥ ಎನ್ನಬೇಕು. ಸುತ್ತಲಿನ ಹೊಲಗಳಲ್ಲಿ ಪಂಪ್‌ಸೆಟ್ಟಿನ ಮೋಟಾರು ಸುಟ್ಟರೆ ಜನ ಅದನ್ನು ಹೊತ್ತು ತರುತ್ತಿದ್ದದ್ದು ಅವನ ಅಂಗಡಿಗೇ. ಕರಕಲಾದ ಸುರುಳಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ಮೋಟಾರು ಗುಂಯ್ ಎಂದು ತಿರುಗಿದ ಮೇಲೆಯೇ ಅವನು ಚಹಾ ಕುಡಿಯುತ್ತಿದ್ದ. ಅರವತ್ತು ದಾಟುತ್ತಲೇ ಸೊಂಟ ಹಿಡಿದುಕೊಂಡಿತು. ಭಾರ ಎತ್ತಲಾಗದೆ ಅಂಗಡಿಯನ್ನು ತಂಗಿಯ ಮಗನ ಕೈಗಿಟ್ಟು, ಫ್ಯಾನಿಗೆ ಸುತ್ತುವ ಸಣ್ಣ ತಂತಿಯ ಒಂದಿಷ್ಟು ಉಂಡೆಗಳನ್ನು ಮಾತ್ರ ಮನೆಗೆ ತಂದ. ಯಾಕೆ ತಂದೆನೆಂದು ಅವನಿಗೇ ಗೊತ್ತಿರಲಿಲ್ಲ.

"ಅಂಗಡಿ ಬಿಟ್ರೂ ಕಸ ಬಿಡ್ಲಿಲ್ಲ ನೋಡು ಈ ಮನಷಾ" ಎಂದು ಹೆಂಡತಿ ನೀಲಾಬಾಯಿ ಉಂಡೆಗಳನ್ನು ಜೋಳದ ಡಬ್ಬಿಯ ಹಿಂದೆ ಸರಿಸಿದಳು.

ನೀಲಾಬಾಯಿ ರಾವೂರಿನ ಹೆಣ್ಣು, ಮಾತು ಜೋರು, ನಗು ಇನ್ನೂ ಜೋರು. ಆದರೆ ನಾಲ್ಕು ಮಂದಿಯ ನಡುವೆ ಹೋಗುವಾಗ ಮಾತ್ರ ಸೆರಗನ್ನು ಎರಡೂ ಕಿವಿ ಮುಚ್ಚುವಂತೆ ಎಳೆದುಕೊಳ್ಳುತ್ತಿದ್ದಳು. ಹರೆಯದಲ್ಲಿ ಹಗಲೂ ರಾತ್ರಿ ಹಾಕಿಕೊಂಡ ತೂಕದ ಓಲೆಗಳು ಕಿವಿಯ ತೂತನ್ನು ಜಗ್ಗಿ ಜಗ್ಗಿ ಕೊನೆಗೆ ಹಾಲೆಯನ್ನೇ ಸೀಳಿಬಿಟ್ಟಿದ್ದವು. ಹೊಲಿಗೆ ಹಾಕಿಸೋಣ ಎಂದರೆ, "ಹೊಲಗಿ ಬಟ್ಟಿಗೆ ಹಾಕ್ತಾರ, ಕಿವಿಗೆ ಹಾಕ್ತಾರೇನ್ರೀ?" ಎಂದು ಹೆದರುವಳು. ಹೀಗೆ ವರ್ಷಗಳೇ ಕಳೆದಿದ್ದವು.

ಸೇಡಂನಲ್ಲಿ ಅವಳ ಅಣ್ಣನ ಮಗಳು ಭಾಗ್ಯಶ್ರೀಯ ಮದುವೆ ಗೊತ್ತಾಯಿತು. ಸೋದರತ್ತೆಯಾದವಳು ಮುಂದೆ ನಿಂತು ಶಾಸ್ತ್ರ ಮಾಡಬೇಕು. ನೀಲಾಬಾಯಿ ಸೀರೆ ತೆಗೆದಳು, ಮತ್ತೆ ಮಡಚಿ ಇಟ್ಟಳು.

"ನೀವೊಬ್ಬರೇ ಹೋಗಿ ಬರ್ರಿ."

"ಯಾಕ? ಆ ಹುಡುಗಿನ್ನ ಎತ್ತಿ ಆಡಿಸಿದಾಕಿ ನೀನು."

"ಈಗಿನ ಮದಿವ್ಯಾಗ ಎಲ್ಲಿ ನೋಡಿದ್ರೂ ಕ್ಯಾಮೆರಾ ಇರ್ತಾವ್ರೀ. ತೆಲಿ ಮ್ಯಾಲಿನ ಸೆರಗ ತಗೀರಿ ಅಂತಾರ." ಅಷ್ಟು ಹೇಳಿ ಅವಳು ರೊಟ್ಟಿ ಬಡಿಯಲು ಕುಳಿತಳು. ಆ ದಿನದ ಬಡಿತ ಓಣಿಗೆಲ್ಲ ಕೇಳಿಸಿತು.

ಕಾಶೀನಾಥ ಪಡಸಾಲೆಗೆ ಬಂದು ಕುಳಿತು, ಚಷ್ಮಾ ತೆಗೆದು ಧೋತರದ ಚುಂಗಿನಿಂದ ಒರೆಸತೊಡಗಿದ. ಒರೆಸುತ್ತಾ ಅದರ ಬಾಗಿದ ಕಡ್ಡಿಯ ಮೇಲೆ ಬೆರಳು ನಿಂತಿತು. ಕಿವಿಗೆ ತೂತಿಲ್ಲದೆಯೂ ಚಷ್ಮಾ ಕೂರುತ್ತದೆ. ಓಲೆ ಯಾಕೆ ಕೂರಬಾರದು? ಎದ್ದು ಹೋಗಿ ಜೋಳದ ಡಬ್ಬಿ ಸರಿಸಿದ.

ಮೊದಲ ಜೋಡಿ ಓಲೆಯಂತಿರಲಿಲ್ಲ, ಕೊಕ್ಕೆಯಂತಿತ್ತು. ತಂತಿಯ ತುದಿ ಕಿವಿಯ ಹಿಂದೆ ಚುಚ್ಚಿ ನೀಲಾಬಾಯಿ "ಅಯ್ಯ ಶಿವನೇ" ಎಂದು ಕೂಗಿಕೊಂಡಳು. ಎರಡನೆಯದು ಬೇಳೆ ಒಗ್ಗರಣೆ ಹಾಕುವಾಗ ಜಾರಿ ಪಾತ್ರೆಗೇ ಬಿತ್ತು.

"ನಿಮ್ಮ ಮೋಟಾರ ನನ್ನ ಕಿವ್ಯಾಗ ತಿರಗಬೇಕೇನ್ರೀ? ಸುಮ್ನ ಕುಂದ್ರಿ" ಎಂದಳು. ಆದರೆ ಮೂರನೆಯ ಸಲ ಅವನು ದಾರ ಹಿಡಿದು ಕಿವಿಯ ಅಳತೆಗೆ ಬಂದಾಗ ತಾನೇ ಸೆರಗು ಸರಿಸಿ ಕುಳಿತಳು.

ಪಕ್ಕದ ಮನೆಯ ಸಮ್ರೀನ್ ಮದುಮಕ್ಕಳಿಗೆ ಸಿಂಗಾರ ಮಾಡುವ ಹುಡುಗಿ. ಬಾಗಿಲಲ್ಲಿ ನಿಂತು ನೋಡಿದವಳು ನಗಲಿಲ್ಲ.

"ಕಾಕಾ, ತಂತಿ ಚೂಪ ಯಾಕ ಬಿಟ್ಟೀರಿ? ತುದಿ ಒಳಗ ಸುತ್ತಿ ಅಲ್ಲೊಂದು ಮಣಿ ಕುಂದ್ರಸ್ರಿ, ಚುಚ್ಚಂಗಿಲ್ಲ. ಮತ್ತ ಭಾರ ಎಲ್ಲಾ ಕೆಳಗ ಹಾಕ್ಬ್ಯಾಡ್ರಿ, ಜಾರ್ತದ."

ಅವಳು ಹರಿದ ಹಾರಗಳಿಂದ ಉಳಿದ ಸಣ್ಣ ಮುತ್ತು, ಹಸಿರು ಮಣಿಗಳನ್ನು ಡಬ್ಬಿಯಲ್ಲಿ ತಂದುಕೊಟ್ಟಳು. ಕಾಶೀನಾಥ ತೆಳು ತಂತಿಯನ್ನು ಸೈಕಲ್ ಕಡ್ಡಿಗೆ ಬಿಗಿಯಾಗಿ ಸುತ್ತಿ ಸ್ಪ್ರಿಂಗಿನಂಥ ಸುರುಳಿ ತೆಗೆದ. ಅದನ್ನೇ ಬಾಗಿಸಿ ಪುಟ್ಟ ಹೂವು, ಹೂವಿನ ನಡುವೆ ಮುತ್ತು. ಹಲವು ಎಳೆ ತಂತಿ ಹೊಸೆದು ಮಾಡಿದ ಕಡ್ಡಿ ಹೂವಿನಿಂದ ಹೊರಟು ಕಿವಿಯ ಬೆನ್ನಿಗೆ ಅಂಟಿಕೊಂಡು ಮೇಲೆ ಹೋಗಿ ಕೂದಲಲ್ಲಿ ಮರೆಯಾಗುತ್ತಿತ್ತು; ಹೂವು ಮುಂದೆ ಬಂದು ಸೀಳಿದ ಹಾಲೆಯನ್ನು ಮುಚ್ಚುತ್ತಿತ್ತು. ಮೋಟಾರಿನ ಹೊಟ್ಟೆಯೊಳಗೆ ಕತ್ತಲಲ್ಲಿ ಇರಬೇಕಾದ ತಂತಿಗೆ ಬೆಳಕಿನಲ್ಲಿ ಜೇನಿನ ಬಣ್ಣ ಇದೆಯೆಂದು ಅವನು ಆವತ್ತು ಕಂಡ.

ನೀಲಾಬಾಯಿ ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಳು. ತಲೆ ಅಲ್ಲಾಡಿಸಿದಳು. ಬೀಳಲಿಲ್ಲ. ಬಗ್ಗಿದಳು, ಎದ್ದಳು. ಆಗಲೂ ಬೀಳಲಿಲ್ಲ.

"ಭಾಳ ಹಗುರ ಆಗ್ಯಾವು. ಹಾಕ್ಕೊಂಡಿದ್ದೇ ಗೊತ್ತಾಗವಲ್ದು" ಎಂದಳು. ಆಮೇಲೆ ಒಳಗೆ ಹೋಗಿ ಮಡಚಿಟ್ಟ ಸೀರೆ ಹೊರಗೆ ತೆಗೆದಳು.

ಸೇಡಂನ ಮದುವೆಯಲ್ಲಿ ಅವಳು ಸೆರಗನ್ನು ಹೆಗಲ ಮೇಲೆ ಬಿಟ್ಟುಕೊಂಡೇ ಅಕ್ಷತೆ ಹಾಕಿದಳು. ಗಂಡಸರ ಸಾಲಿನಲ್ಲಿ ಕುಳಿತ ಕಾಶೀನಾಥ ಮದುಮಗಳನ್ನು ಬಿಟ್ಟು ಹೆಂಡತಿಯ ಕಿವಿಯನ್ನೇ ನೋಡುತ್ತಿದ್ದ. ಮೊದಲು ಬಿದ್ದೀತೆಂಬ ಹೆದರಿಕೆಯಿಂದ, ಆಮೇಲೆ ಸುಮ್ಮನೆ. ಊಟದ ಹೊತ್ತಿಗೆ ವಾಡಿಯಿಂದ ಬಂದಿದ್ದ ಅನಸುಬಾಯಿ ಎಂಬ ಹೆಣ್ಣುಮಗಳು ನೀಲಾಬಾಯಿಯನ್ನು ಕೈತೊಳೆಯುವ ಮೂಲೆಗೆ ಕರೆದು ಮೆಲ್ಲಗೆ ತನ್ನ ಸೆರಗು ಸರಿಸಿ ತೋರಿಸಿದಳು. ಅವಳ ಹಾಲೆಯೂ ಸೀಳಿತ್ತು. ಹಿಂದೆಯೇ ಇನ್ನಿಬ್ಬರು ಬಂದರು. ಸಿಹಿ ಬಡಿಸುವುದರೊಳಗೆ ಆ ಮೂಲೆಯಲ್ಲಿ ಹರಿದ ಕಿವಿಗಳದ್ದೇ ಒಂದು ಸಭೆ ನಡೆದಿತ್ತು, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ನೀಲಾಬಾಯಿ.

ಮೂವರೂ ತಮಗೂ ಒಂದೊಂದು ಜೋಡಿ ಓಲೆ ಬೇಕೆಂದರು. ಹೀಗೆ ಕೆಲಸ ಹಿಡಿಯಿತು. ಆದರೆ ಅನಸುಬಾಯಿಯ ಜೋಡಿ ಹೋದ ಕೆಲವೇ ದಿನಕ್ಕೆ ವಾಡಿಯಿಂದ ಫೋನ್ ಬಂತು. ಕಿವಿಯ ಹಿಂದೆ ಹಸಿರು ಕಲೆ, ತುರಿಕೆ. ಕಾಶೀನಾಥನ ಮುಖ ಸಣ್ಣದಾಯಿತು. ಫೋನಿನಲ್ಲಿ ಸಮಾಧಾನ ಹೇಳಿ ಸುಮ್ಮನಾಗುವ ಜಾಯಮಾನ ಅವನದಲ್ಲ. ಬಸ್ಸು ಹತ್ತಿ ವಾಡಿಗೇ ಹೋದ.

"ತಪ್ಪು ನಂದೇ ಅದ ಅಕ್ಕಾ. ಬಾಗ್ಸುವಾಗ ಇಕ್ಕಳ ತಾಗಿ ತಂತಿ ಮ್ಯಾಲಿನ ವಾರ್ನಿಶ್ ಕೆರದು ಹೋಗ್ಯಾದ. ಬೆವರು ತಾಕಿ ಹಸರು ಬಿಟ್ಟದ. ಇದು ಕೊಡ್ರಿ, ಬ್ಯಾರೆ ಮಾಡಿ ತರ್ತೀನಿ."

"ಅಯ್ಯ, ಇಷ್ಟಕ್ಕ ಇಲ್ಲಿ ಮಟ ಬಂದೀರೇನ್ರೀ ಅಣ್ಣಾ?" ಎಂದು ಅನಸುಬಾಯಿ ಚಹಾ ಕೊಟ್ಟಳು.

ಅಂದಿನಿಂದ ಅವನು ಇಕ್ಕಳದ ಬಾಯಿಗೆ ಬಟ್ಟೆಪಟ್ಟಿ ಸುತ್ತಿಯೇ ತಂತಿ ಬಾಗಿಸುತ್ತಾನೆ. ಚರ್ಮಕ್ಕೆ ತಾಗುವ ಭಾಗಕ್ಕೆ ರೇಷ್ಮೆ ದಾರ ಹೊದಿಸುತ್ತಾನೆ. ಹೊಸ ಜೋಡಿಯನ್ನು ಮೊದಲು ನೀಲಾಬಾಯಿ ಇಡೀ ದಿನ ಹಾಕಿಕೊಂಡು ಒಲೆಯ ಮುಂದೆ ಬೆವರಬೇಕು. ಅವಳು ಸೈ ಎಂದರಷ್ಟೇ ಅದೇ ಮಾದರಿಯ ಮತ್ತೊಂದು ಜೋಡಿ ಹೊರಗೆ ಹೋಗುತ್ತದೆ. ಕಿವಿಯ ಅಳತೆ ತೆಗೆಯುವುದೂ ಅವಳೇ. ಗಂಡಸಿನ ಮುಂದೆ ಸೆರಗು ಸರಿಸಲು ನಾಚುವ ಹೆಣ್ಣುಮಕ್ಕಳನ್ನು ಅಡುಗೆಮನೆಗೆ ಕರೆದು, ದಾರ ಹಿಡಿದು, ತನ್ನ ಕಿವಿ ಹರಿದ ಕಥೆಯನ್ನೇ ಮೊದಲು ಹೇಳುತ್ತಾಳೆ. ಪಡಸಾಲೆಯಲ್ಲಿ ಕುಳಿತವನಿಗೆ ನಗು ಮಾತ್ರ ಕೇಳಿಸುತ್ತದೆ.

ಹಳೆಯ ಗೆಳೆಯ ಸಿದ್ದಲಿಂಗೇಶ ಬಂದಾಗೊಮ್ಮೆ ಕೆಣಕುವುದುಂಟು: "ಏನಪಾ, ಐದು ಎಚ್‌ಪಿ ಮೋಟಾರ ಸುತ್ತಿದ ಕೈ, ಈಗ ಹೆಣ್ಮಕ್ಕಳ ಓಲಿಗೆ ಬಂತಲ್ಲ?"

"ಮೋಟಾರ ಕಟ್ಟಿಕೊಟ್ರ ಯಾರರೇ ಕನ್ನಡಿ ನೋಡ್ಕೊಂಡಿದ್ರೇನು?" ಎನ್ನುತ್ತಾನೆ ಕಾಶೀನಾಥ, ತಲೆ ಎತ್ತದೆ.

ಮೊನ್ನೆ ಸಮ್ರೀನ್ ಚಿಂಚೋಳಿಯ ಮದುಮಗಳೊಬ್ಬಳ ಫೋಟೋ ತೋರಿಸಿದಳು. ಕಿವಿ ಎರಡೂ ನೆಟ್ಟಗಿವೆ; ಆದರೂ ಆ ಹುಡುಗಿಗೆ ಇಂಥದ್ದೇ ಓಲೆ ಬೇಕಂತೆ, ಕೆಂಪು ಮಣಿಯದು.

"ಹಸರು ಹಾಕ್ರಿ, ಹಸರು ಒಪ್ತದ" ಎಂದಳು ನೀಲಾಬಾಯಿ.

"ಆಕಿ ಕೆಂಪು ಕೇಳ್ಯಾಳ."

"ಆಕಿಗೇನ್ ಗೊತ್ತಾಗ್ತದ್ರೀ? ನೀವು ಎರಡೂ ಮಾಡ್ರಿ, ಹಾಕ್ಕೊಂಡು ನೋಡ್ಲಿ."

ಕಾಶೀನಾಥ ಎರಡೂ ಬಣ್ಣದ ಮಣಿಗಳನ್ನು ತಾಟಿಗೆ ಸುರಿದು, ಬಾಗಿಲ ಬೆಳಕಿನ ಕಡೆ ಜರುಗಿ ಕುಳಿತ.