ನೈಸ್ ಮೇಸ್ತ್ರಿ ಬಿಟ್ಟ ಸಂದು

ಬೆಳಗಿನ ಆರೂ ಹತ್ತು. ಕಿಟಕಿಗಳಿಗೆ ಇನ್ನೂ ಗಾಜು ಕೂರದ ಕಟ್ಟಡ. ಮೂರನೇ ಮಹಡಿಯ ಮೂಲೆ ಕೋಣೆಯಲ್ಲಿ ಗೋಡೆಗೆ ಬಳಿಯುವ ಪುಟ್ಟಿಯ ಖಾಲಿ ಬಕೆಟ್ಟನ್ನು ಬೋರಲು ಹಾಕಿಕೊಂಡು ಒಬ್ಬರು ಕೂತಿದ್ದಾರೆ. ತೊಡೆಯ ಮೇಲೆ ಗಿಟಾರು. ಹಳೆಯ ಹೊದಿಕೆಯಲ್ಲಿ ಹೊಲಿದ ಅದರ ಚೀಲ ಪಕ್ಕದಲ್ಲಿ ಅಚ್ಚುಕಟ್ಟಾಗಿ ಮಡಚಿಟ್ಟಿದೆ. ಬಲಗೈ ಹೆಬ್ಬೆರಳು ತಂತಿ ಮೀಟುತ್ತದೆ, ಎಡಗೈ ಉಂಗುರ ಬೆರಳು ಗಿಟಾರಿನ ಕೊರಳ ಮೇಲೆ ಐದನೇ ಪಟ್ಟಿಯಿಂದ ಏಳನೆಯದಕ್ಕೆ ಜಾರುತ್ತದೆ, ಆರು ಸ್ವರಗಳ ಒಂದು ತುಣುಕು ಬರಿಗೋಡೆಗೆ ತಾಗಿ ವಾಪಸು ಬರುತ್ತದೆ. ಮತ್ತೆ ಅದೇ, ಮತ್ತೆ ಅದೇ. ನಲವತ್ತು ಸಲ ಆಗುವವರೆಗೆ ಅವರು ಬಕೆಟ್ಟಿನಿಂದ ಏಳುವುದಿಲ್ಲ.

ಕೈ ಗಿಟಾರಿನ ಮೇಲಿದ್ದರೂ ಕಣ್ಣೆಲ್ಲ ಎದುರಿನ ಗೋಡೆಯ ಮೇಲೆ. ಸೂರ್ಯ ಆಗಷ್ಟೇ ಮೇಲೇಳುತ್ತಿದ್ದಾನೆ, ಬೆಳಕು ಕಿಟಕಿಯಿಂದ ಅಡ್ಡಡ್ಡ ಬೀಳುತ್ತಿದೆ. "ಅಗೋ, ಸ್ವಿಚ್ಚಿನ ಪೆಟ್ಟಿಗೆ ಪಕ್ಕ ಒಂದು ಉಬ್ಬು ಇದೆ ನೋಡಿ ಸಾರ್," ಎನ್ನುತ್ತಾರೆ, ನುಡಿಸುವುದನ್ನು ನಿಲ್ಲಿಸದೆ. "ಮಧ್ಯಾಹ್ನ ಬಂದು ನೋಡಿದ್ರೆ ಕಾಣಲ್ಲ. ಈ ಓರೆ ಬೆಳಕಿರೋದು ಇಪ್ಪತ್ತೇ ನಿಮಿಷ. ಅಷ್ಟರಲ್ಲಿ ಗೋಡೆ ಬಂಡವಾಳ ಎಲ್ಲ ಬಯಲು." ಇವರ ಬಗ್ಗೆ ಬರೆಯಲು ಬಂದಿರುವ ನಾನು ಕಣ್ಣು ಕಿರಿದು ಮಾಡಿ ನೋಡುತ್ತೇನೆ. ನನಗೆ ಕಾಣುವುದು ಬಿಳಿ ಗೋಡೆ ಮಾತ್ರ.

ಗಾರೆ ಕೆಲಸದವರ ನಡುವೆ ಇವರಿಗೆ 'ನೈಸ್ ಮೇಸ್ತ್ರಿ' ಎಂದೇ ಹೆಸರು. ವಯಸ್ಸು ಐವತ್ತೆರಡು. ಗೋಡೆಗೆ ಸಾರಣೆ ಮಾಡಿ, ಮೇಲೆ ಕರಣೆಯಿಂದ ಪುಟ್ಟಿ ಎಳೆದು, ಉಜ್ಜಿ ನುಣುಪು ಮಾಡುವ ಈ ಕಸುಬಿಗೆ ಅವರು ಇಳಿದದ್ದು ಹದಿನಾಲ್ಕನೇ ವಯಸ್ಸಿಗೆ. ದಿನಕ್ಕೆ ನಾನೂರು ಚದರಡಿ ಗೋಡೆ, ಅದಕ್ಕೆ ಎರಡು ಕೈ ಪುಟ್ಟಿ. ಒಂದು ಸಲ ಬಳಿದರೆ ಈ ಕಸುಬಿನಲ್ಲಿ ಅದನ್ನು 'ಒಂದು ಕೈ' ಎನ್ನುತ್ತಾರೆ. ಒಂದು ದಿನ ಅವರ ಹೆಂಡತಿ ಸುಮ್ಮನೆ ಎಣಿಸಿದ್ದರಂತೆ: ಸಂಜೆಯೊಳಗೆ ಮೇಸ್ತ್ರಿ ಏಣಿ ಹತ್ತಿ ಇಳಿದದ್ದು ನೂರಾ ಹನ್ನೆರಡು ಸಲ.

ಮೇಸ್ತ್ರಿಗೆ ಒಂದು ಪ್ರಶ್ನೆ ಕೇಳುವುದು ಸುಲಭ, ಎರಡನೆಯದು ಕೇಳುವುದು ಕಷ್ಟ. ನನ್ನ ಮೊದಲ ಪ್ರಶ್ನೆಯ ಉತ್ತರವೇ ಮುಕ್ಕಾಲು ಗಂಟೆ ನಡೆಯಿತು. ಅದರಲ್ಲಿ ಮೊದಲಿನ ಸಿಮೆಂಟು, ಈಗಿನ ಸಿಮೆಂಟು, ಅವರ ಸೋದರಮಾವನ ಮೊಣಕಾಲು, ಸುಣ್ಣದ ಗೋಡೆಯ ತಂಪು ಎಲ್ಲವೂ ಬಂದವು, ನಾನು ಕೇಳಿದ್ದೊಂದನ್ನು ಬಿಟ್ಟು. ಮೂಲೆಯಲ್ಲಿ ಪುಟ್ಟಿ ಕಲಸುತ್ತಿದ್ದ ಅವರ ಹೆಂಡತಿ ತಲೆ ಎತ್ತದೆಯೇ ಹೇಳಿದರು: "ಇವರು ಗೋಡೇಲೂ ಸಂದು ಬಿಡಲ್ಲ, ಮಾತಲ್ಲೂ ಸಂದು ಬಿಡಲ್ಲ. ಮದುವೆ ಆಗಿ ಇಪ್ಪತ್ತಾರು ವರ್ಷ ಆಯ್ತು, ನಾನೊಂದು ಮಾತು ಹೇಳೋಣ ಅಂತ ಕಾಯ್ತಾನೇ ಇದೀನಿ." ಮೇಸ್ತ್ರಿ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನಕ್ಕು ಮುಗಿಸಿ ಮತ್ತೆ ಸೋದರಮಾವನ ಮೊಣಕಾಲಿಗೇ ಬಂದರು.

ಗಿಟಾರು ಅವರ ಬಾಳಿಗೆ ಬಂದದ್ದೂ ಒಂದು ಗೋಡೆಯ ದೆಸೆಯಿಂದ. ಹದಿನಾಲ್ಕು ತಿಂಗಳ ಹಿಂದೆ ಒಂದು ಸಂಗೀತ ಶಾಲೆಯ ಕೋಣೆಗಳಿಗೆ ಪುಟ್ಟಿ ಎಳೆಯುವ ಕೆಲಸ ಸಿಕ್ಕಿತ್ತು. ಪಕ್ಕದ ಕೋಣೆಯಲ್ಲಿ ಗಿಟಾರ್ ಪಾಠ. ಹನ್ನೊಂದು ದಿನ ಗೋಡೆಯಾಚೆಯಿಂದ ಒಂದೇ ತುಣುಕು ಕೇಳಿಬರುತ್ತಿತ್ತು. "ಮೊದಲೆರಡು ದಿನ ತಲೆ ಚಿಟ್ಟು ಹಿಡಿದು ಹೋಯ್ತು. ಮೂರನೇ ದಿನ ನೋಡ್ತೀನಿ, ನನ್ನ ಕರಣೆ ಅದರ ಜೊತೇಲೇ ಓಡ್ತಾ ಇದೆ. ಅದು ಜಾರಿದ್ರೆ ಇದೂ ಜಾರುತ್ತೆ, ಅದು ತಿರುಗಿದ್ರೆ ಇದೂ ತಿರುಗುತ್ತೆ. ಆವತ್ತು ಆ ಗೋಡೆ ಬಂದ ಹಾಗೆ ಯಾವತ್ತೂ ಬಂದಿಲ್ಲ ಸಾರ್."

ಕೊನೆಯ ದಿನ ಅವರು ಕೈಗೆ ಹತ್ತಿದ ಪುಟ್ಟಿಯನ್ನು ಪ್ಯಾಂಟಿಗೆ ಒರೆಸಿಕೊಂಡು ಪಾಠದ ಕೋಣೆಯ ಬಾಗಿಲಲ್ಲಿ ನಿಂತರು. "ತಪ್ಪು ತಿಳ್ಕೋಬೇಡಿ ಮೇಡಂ. ಆ ಕೊನೇಲಿ ಕೂತಿರೋ ಅಮ್ಮನ ಗಿಟಾರ್‌ನಲ್ಲಿ ಒಂದು ತಂತಿ ಟೊಳ್ಳು ಹೊಡೀತಿದೆ." ಪಾಠ ಹೇಳುತ್ತಿದ್ದ ಗಿಟಾರ್ ಮೇಡಂ ಆ ತಂತಿಯನ್ನು ಪರೀಕ್ಷಿಸಿದರು. ಕೂದಲೆಳೆಯಷ್ಟು ಇಳಿದಿತ್ತು. ಮೇಡಂಗೆ ಈಗಲೂ ಅದನ್ನು ನೆನೆದರೆ ಅಚ್ಚರಿ. "ನಾನು ಇಡೀ ದಿನ ಅದೇ ಕೋಣೇಲಿದ್ದೆ, ನನಗೇ ಗೊತ್ತಾಗಿರಲಿಲ್ಲ. ಇವರು ಗೋಡೆ ಆ ಕಡೆಯಿಂದ ಹಿಡಿದುಬಿಟ್ರು!" ಮೇಸ್ತ್ರಿಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ. ಬೆರಳ ಗೆಣ್ಣಿನಿಂದ ಗೋಡೆ ತಟ್ಟಿ, ಒಳಗೆ ಗಾರೆ ಬಿಟ್ಟುಕೊಂಡಿದೆಯೋ ಇಲ್ಲವೋ ಎಂದು ಸದ್ದಿನಲ್ಲೇ ಹೇಳುವುದು ಅವರ ನಿತ್ಯದ ಕೆಲಸ. ಮೂವತ್ತೆಂಟು ವರ್ಷ ತಟ್ಟಿ ತಟ್ಟಿ ಕಿವಿ ಹಾಗೆ ಪಳಗಿದೆ.

ಮೇಡಂ ಶಾಲೆಯ ಕಪಾಟಿನಿಂದ ಹಳೆಯ ಗಿಟಾರೊಂದನ್ನು ತೆಗೆದು ಅವರ ಕೈಗಿಟ್ಟರು. ಕಲಿಸಿದ್ದು ತಮಗೆ ಇಷ್ಟವಾದ ಸ್ಮೂತ್ ಜಾಝ್, ಅಬ್ಬರವಿಲ್ಲದೆ ಹಿತವಾಗಿ ಹರಿಯುವ ಸಂಗೀತ. ಹೆಸರು ಕೇಳಿದ್ದೇ ತಡ, "ಸ್ಮೂತ್ ಅಂದ್ರೆ ನೈಸ್ ತಾನೆ? ಹಾಗಾದ್ರೆ ಅದು ನನ್ನ ಲೈನೇ ಬಿಡಿ ಮೇಡಂ," ಎಂದರಂತೆ ಶಿಷ್ಯರು. ಮೊದಲು ಕಲಿಸಿದ್ದು 'ಲಿಕ್'ಗಳನ್ನು. ಆ ಸಂಗೀತದಲ್ಲಿ 'ಲಿಕ್' ಎಂದರೆ ಪೂರ್ತಿ ಹಾಡಲ್ಲ. ಹಾಡಿನ ನಡುವೆ ಬಂದು ಹೋಗುವ ಐದಾರು ಸ್ವರಗಳ ಚುಟುಕು ಮಾತು. ಮೇಸ್ತ್ರಿ ಲಿಕ್ ಎನ್ನುವುದಿಲ್ಲ, 'ಎಳೆತ' ಎನ್ನುತ್ತಾರೆ. ಕರಣೆ ಗೋಡೆಯ ಮೇಲೆ ಒಂದು ಸಲ ಓಡಿದರೆ ಅದೂ ಎಳೆತವೇ. ಇಲ್ಲಿಯವರೆಗೆ ಅವರಿಗೆ ಒಂಬತ್ತು ಎಳೆತಗಳು ಕೈವಶವಾಗಿವೆ.

ಇದೇನೂ ಸುಮ್ಮನೆ ಬಂದದ್ದಲ್ಲ. ಸಿಮೆಂಟು ತಿಂದ ಬೆರಳ ತುದಿಗಳು ಒಡೆದು ಸೀಳಿರುತ್ತವೆ, ತಂತಿ ನೇರ ಸೀಳಿನೊಳಗೇ ಇಳಿಯುತ್ತದೆ. ಮೊದಲ ತಿಂಗಳು ತಂತಿಯ ಮೇಲೆಲ್ಲ ರಕ್ತದ ಕಲೆ. ಬಲಭುಜ ಸಂಜೆಗೆ ಸೆಟೆದುಕೊಂಡು ಗಿಟಾರು ಎತ್ತಲೂ ಬರುತ್ತಿರಲಿಲ್ಲ. ಮನೆಯಲ್ಲಿ ನುಡಿಸೋಣವೆಂದರೆ ತೆಳ್ಳನೆಯ ಗೋಡೆಯಾಚೆ ನೆರೆಯವರು ಮೂಗು ಮುರಿಯುತ್ತಾರೆ. ಅದಕ್ಕೇ ಈ ಬೆಳಗಿನ ಬಕೆಟ್ಟು. ಕೆಲಸ ಶುರುವಾಗುವ ಮೊದಲು ಸಿಗುವ ಒಂದು ಗಂಟೆಯನ್ನು ಅವರು ಮಳೆಯಿದ್ದರೂ ಜ್ವರವಿದ್ದರೂ ಬಿಟ್ಟುಕೊಡುವುದಿಲ್ಲ. ದಿನವೂ ಮಲಗುವ ಮುಂಚೆ ಹೆಂಡತಿ ಆ ಹತ್ತು ಬೆರಳಿಗೂ ಎಣ್ಣೆ ಸವರುತ್ತಾರೆ, ಬೈದುಕೊಂಡೇ.

ಆದರೆ ಮೇಸ್ತ್ರಿಯ ನಿಜವಾದ ತೊಡಕು ಬೆರಳಿನದಲ್ಲ. ನಾನು ಅವರನ್ನು ನೋಡಲು ಬಂದ ವಾರವೇ ಅದು ವಿಕೋಪಕ್ಕೆ ಹೋಗಿತ್ತು.

ಮೇಡಂ ಬಳಿ ಒಂದು ಸಣ್ಣ ತಂಡವಿದೆ. ಡ್ರಮ್ಮಿಗೆ ಒಬ್ಬ ನರ್ಸಮ್ಮ, ಕೀಬೋರ್ಡಿಗೆ ಒಬ್ಬ ನಿವೃತ್ತ ಲೈನ್‌ಮನ್. ಹೊಸ ವಾಚನಾಲಯ ಬಾಗಿಲು ತೆರೆಯುವ ಭಾನುವಾರ ಅವರು ಅಲ್ಲಿ ಒಂದು ಹಾಡು ನುಡಿಸಬೇಕು. ಅದರ ಲಿಕ್ಕುಗಳು ಮೇಸ್ತ್ರಿಯ ಪಾಲಿಗೆ ಬಂದಿವೆ. ನಡುವೆ ಒಂದು ಕಡೆ ಗಿಟಾರು ಎರಡು ಲಿಕ್ ನುಡಿಸಿ ನಾಲ್ಕು ಎಣಿಕೆ ಸುಮ್ಮನಿರಬೇಕು. ಆ ಸಂದಿನಲ್ಲಿ ಕೀಬೋರ್ಡು ಉತ್ತರ ಕೊಡಬೇಕು. ಇಷ್ಟೇ. ಮೂರು ಅಭ್ಯಾಸಗಳಲ್ಲಿ ಒಮ್ಮೆಯೂ ಮೇಸ್ತ್ರಿಗೆ ಅದು ಆಗಲಿಲ್ಲ. ಎಣಿಕೆ ಎರಡಕ್ಕೆ ಬರುವಷ್ಟರಲ್ಲಿ ಅವರ ಬೆರಳು ತಾನಾಗಿ ಏನೋ ಒಂದು ತುಂಬಿಸಿಬಿಡುತ್ತದೆ. ಕೀಬೋರ್ಡಿನ ಮೇಲೆ ಕೈ ಎತ್ತಿಟ್ಟುಕೊಂಡ ಲೈನ್‌ಮನ್ ಹಾಗೇ ಕೈ ಇಳಿಸುತ್ತಾರೆ.

"ನಾನೇನು ಬೇಕು ಅಂತ ಮಾಡ್ತೀನಾ?" ಎನ್ನುವಾಗ ಮೇಸ್ತ್ರಿಯ ಮುಖ ಸಣ್ಣಗಾಗಿತ್ತು. "ನಮ್ಮಪ್ಪನೇ ನನಗೆ ಕಸುಬು ಕಲಿಸಿದ್ದು. ಗೋಡೇಲಿ ಸೂಜಿಮೊನೆಯಷ್ಟು ತೂತು ಬಿಟ್ರೂ ಕರಣೆ ಹಿಡಿಯಿಂದ ಬೆನ್ನಿಗೆ ಬೀಳ್ತಿತ್ತು. ಖಾಲಿ ಕಂಡ್ರೆ ತುಂಬು, ಬಿರುಕು ಕಂಡ್ರೆ ಮುಚ್ಚು. ಈಗ ಮೇಡಂ ಸಂದು ಬಿಡಿ ಅಂತಾರೆ. ನನಗೆ ಮೈಯೆಲ್ಲ ತುರಿಸಿದ ಹಾಗಾಗುತ್ತೆ ಸಾರ್."

ಮೇಡಂ ಕಡ್ಡಿ ಮುರಿದಂತೆ ಹೇಳಿದ್ದರು: ಗುರುವಾರದ ಅಭ್ಯಾಸದಲ್ಲೂ ಹೀಗೇ ಆದರೆ ಭಾನುವಾರ ಮೇಸ್ತ್ರಿ ಬೇಡ.

ಆ ಭಾನುವಾರ ಅವರಿಗೆ ಏಕೆ ಅಷ್ಟು ಮುಖ್ಯ ಎಂದು ನನಗೆ ಹೇಳಿದ್ದು ಹೆಂಡತಿ, ಗಂಡ ನೀರು ತರಲು ಕೆಳಗಿಳಿದಾಗ. ವಾಚನಾಲಯದ ಗೋಡೆಗಳನ್ನು ಮಾಡಿದ್ದು ಇವರೇ. "ನಾವು ಎಷ್ಟೋ ಮನೆ ಮಾಡಿದೀವಿ. ಮುಗಿದ್ಮೇಲೆ ಒಂದರ ಒಳಗೂ ಕಾಲಿಟ್ಟಿಲ್ಲ. ಕುರ್ಚಿ, ದೀಪ ಬರೋ ಹೊತ್ತಿಗೆ ನಾವು ಇನ್ನೊಂದು ಕಡೆ ಇರ್ತೀವಿ. ಒಂದ್ಸಲ ಹಳೇ ಮನೆಯೊಂದನ್ನ ನೋಡ್ಕೊಂಡು ಬರೋಣ ಅಂತ ಹೋದ್ವಿ, ಗೇಟಲ್ಲೇ ಏನು ಬೇಕು ಅಂತ ಕೇಳಿದ್ರು. ಏನಂತ ಹೇಳೋದು? ಬಂದ ದಾರಿ ಹಿಡಿದ್ವಿ. ಈ ಸಲ ಕರೆದು ಒಳಗೆ ಬಿಡ್ತಾರೆ, ಅದೂ ಮುಂದಿನ ಬಾಗಿಲಿಂದ."

ಬುಧವಾರ ಮಧ್ಯಾಹ್ನ. ಮೊದಲ ಕೈ ಎಳೆದು ಮುಗಿದಿದೆ. ಮೇಸ್ತ್ರಿ ಗೋಡೆಗೊರಗದೆ (ಹಸಿ ಗೋಡೆಗೆ ಯಾರು ಒರಗುತ್ತಾರೆ) ಕೋಣೆಯ ನಡುವೆ ಕೂತು ಸಂದಿನ ವಿಷಯವನ್ನೇ ಗೊಣಗುತ್ತಿದ್ದಾರೆ. ಹೆಂಡತಿ ಗೋಡೆಯ ಬಳಿ ಹೋಗಿ ಅಂಗೈ ಹಿಂಭಾಗವನ್ನು ಹಗುರಾಗಿ ಒತ್ತಿ ನೋಡುತ್ತಾರೆ. ಪುಟ್ಟಿ ಒಣಗಿದೆಯೋ ಇಲ್ಲವೋ ಎಂದು ತೀರ್ಪು ಕೊಡುವುದು ಇಲ್ಲಿ ಅವರ ಕೆಲಸ. ಅವರು ಹೂಂ ಎನ್ನುವವರೆಗೆ ಮೇಸ್ತ್ರಿ ಕರಣೆ ಮುಟ್ಟುವ ಹಾಗಿಲ್ಲ.

"ರೀ, ಒಂದು ಮಾತು," ಎಂದರು. ಮೇಸ್ತ್ರಿ ಗೊಣಗುತ್ತಲೇ ಇದ್ದರು. ಅವರು ದನಿ ಏರಿಸಿದರು. "ರೀ! ಈಗ ನಾನು ಇನ್ನೂ ಹಸಿ ಇದೆ ಅಂದ್ರೆ ಎರಡನೇ ಕೈ ಹೊಡೀತೀರಾ?"

"ಹುಚ್ಚೇನೇ ನಿನಗೆ? ಎಲ್ಲ ಎದ್ದು ಬರುತ್ತೆ."

"ಮತ್ತೆ ಸುಮ್ನೆ ಕೂತಿರ್ತೀರಲ್ಲ, ಅದೇನು ಬಿರುಕಾ? ಕೆಲಸ ಬಿಟ್ಟ ಹಾಗಾ?"

"ಅಲ್ಲ, ಒಣಗೋಕೆ ಬಿಡೋದು..."

"ಅಷ್ಟೇ. ಮೇಡಂ ಕೇಳ್ತಿರೋದೂ ಅದನ್ನೇ," ಎಂದು ಹೆಂಡತಿ ಮತ್ತೆ ಗೋಡೆಯ ಕಡೆ ತಿರುಗಿದರು. ನಾನು ಅವರನ್ನು ಭೇಟಿಯಾದ ಮೇಲೆ ನೈಸ್ ಮೇಸ್ತ್ರಿ ಬಾಯಿಗೆ ಬೀಗ ಹಾಕಿದಂತೆ ಕೂತದ್ದು ಅದೇ ಮೊದಲು.

ಗುರುವಾರ ಸಂಜೆ ಸಂಗೀತ ಶಾಲೆಯಲ್ಲಿ ಅಭ್ಯಾಸ. ಹೆಂಡತಿಯೂ ಬಂದು ಬೆಂಚಿನ ತುದಿಯಲ್ಲಿ ಕೂತಿದ್ದಾರೆ. ಹಾಡು ಶುರುವಾಗುತ್ತದೆ. ಮೊದಲ ಲಿಕ್ಕು, ಎರಡನೆಯ ಲಿಕ್ಕು, ಎರಡೂ ಬೆಣ್ಣೆಯಂತೆ ಬರುತ್ತವೆ. ಆಮೇಲೆ ಮೇಸ್ತ್ರಿ ಬಲಗೈಯನ್ನು ತಂತಿಯಿಂದ ಎತ್ತಿ, ಅಂಗೈ ಹಿಂಭಾಗವನ್ನು ಗಿಟಾರಿನ ಮೈಗೆ ಹಗುರಾಗಿ ಒತ್ತಿ ಹಿಡಿಯುತ್ತಾರೆ, ಹಸಿ ಪುಟ್ಟಿಗೆ ಹೆಂಡತಿ ಒತ್ತುವ ಹಾಗೆಯೇ. ಡ್ರಮ್ಮು ಮೆಲ್ಲಗೆ ಎಣಿಸುತ್ತದೆ. ಒಂದು, ಎರಡು, ಮೂರು, ನಾಲ್ಕು. ಕೀಬೋರ್ಡಿನಿಂದ ಸದ್ದೇ ಇಲ್ಲ! ಎಲ್ಲರೂ ಆ ಕಡೆ ತಿರುಗುತ್ತಾರೆ. ಲೈನ್‌ಮನ್ ಕೈ ಕಟ್ಟಿಕೊಂಡು ಕೂತಿದ್ದಾರೆ.

"ಇವರು ಬಿಡ್ತಾರೆ ಅಂತ ಯಾರಿಗ್ರೀ ಗೊತ್ತಿತ್ತು?" ಎಂದು ಅವರು ತಲೆ ಕೆರೆದುಕೊಳ್ಳುತ್ತಾರೆ. ಮೇಡಂ ನಗು ತಡೆಯಲಾರದೆ ಕುರ್ಚಿಯ ಮೇಲೆ ಕೂತುಬಿಡುತ್ತಾರೆ. "ಇವತ್ತು ತಪ್ಪು ಮೇಸ್ತ್ರಿದಲ್ಲ," ಎಂದು ಕೊನೆಗೂ ಹೇಳುತ್ತಾರೆ. "ಭಾನುವಾರ ಒಂಬತ್ತಕ್ಕೆ ಬಂದುಬಿಡಿ."

ಭಾನುವಾರ ವಾಚನಾಲಯದಲ್ಲಿ ಕಾಲಿಡಲು ಜಾಗವಿಲ್ಲ. ಮೇಜಿನ ಮೇಲೆ ದೀಪಗಳು, ಕಪಾಟಿನ ತುಂಬ ಪುಸ್ತಕ, ಕಿಟಕಿಯ ಬಳಿ ಕುರ್ಚಿಗಾಗಿ ಸಣ್ಣ ನೂಕಾಟ. ಗಂಡ ಹೆಂಡತಿ ಮುಂದಿನ ಬಾಗಿಲಿನಿಂದಲೇ ಒಳಗೆ ಬಂದಿದ್ದಾರೆ, ಇಬ್ಬರೂ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ. ಹಾಡು ಐದು ನಿಮಿಷದ್ದು. ನಡುವೆ ಮೇಸ್ತ್ರಿ ಕೈ ತಡೆದು ಹಿಡಿದಾಗ ಲೈನ್‌ಮನ್ ಈ ಸಲ ಕಾದಿದ್ದವರಂತೆ ಬಂದೇ ಬಿಡುತ್ತಾರೆ. ಕೀಬೋರ್ಡಿನ ಆ ಪುಟ್ಟ ಉತ್ತರ ಇಷ್ಟು ದಿನ ಎಲ್ಲಿತ್ತು ಎನ್ನುವಂತೆ ಕೋಣೆಯಲ್ಲೆಲ್ಲ ಹರಡುತ್ತದೆ. ಮೇಸ್ತ್ರಿ ಕಣ್ಣು ಮುಚ್ಚಿ ಅದನ್ನು ಕೇಳುತ್ತಾರೆ, ಎಣಿಕೆ ಮುಗಿದ ಮೇಲೆ ತಮ್ಮ ಎಳೆತಕ್ಕೆ ಮರಳುತ್ತಾರೆ. ಚಪ್ಪಾಳೆ ಜೋರಾಗಿಯೇ ಬೀಳುತ್ತದೆ.

ಗಿಟಾರನ್ನು ಚೀಲಕ್ಕೆ ಹಾಕುತ್ತಿರುವಾಗ ವಾಚನಾಲಯದ ಅಧಿಕಾರಿಣಿ ಬಂದು ಕೈ ಮುಗಿಯುತ್ತಾರೆ. "ತುಂಬಾ ಹಿತವಾಗಿತ್ತು. ನೀವು ಇದನ್ನೇ ಮಾಡ್ತೀರಾ, ಇಲ್ಲಾ ಬೇರೆ ಏನಾದ್ರೂ ಕೆಲಸ ಇದೆಯಾ?"

ಮುಕ್ಕಾಲು ಗಂಟೆಯ ಉತ್ತರಕ್ಕೆ ನಾನು ಸಜ್ಜಾಗಿ ಪಕ್ಕದ ಕುರ್ಚಿ ಎಳೆದುಕೊಳ್ಳುತ್ತೇನೆ. ಮೇಸ್ತ್ರಿ ಬಾಯಿ ತೆರೆಯುತ್ತಾರೆ. ಹೆಂಡತಿಯ ಮುಖ ನೋಡುತ್ತಾರೆ. ಬಾಯಿ ಮುಚ್ಚಿ ಸುಮ್ಮನೆ ನಿಲ್ಲುತ್ತಾರೆ. ಅಧಿಕಾರಿಣಿ ಇವರನ್ನೂ ಅವರನ್ನೂ ಮಿಕಿಮಿಕಿ ನೋಡುತ್ತಾರೆ.

ಆಗ ಹೆಂಡತಿ ಗಂಟಲು ಸರಿಮಾಡಿಕೊಂಡು, ಆ ಜನರ ನಡುವೆ ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ: "ಈ ಗೋಡೆಗಳು ನಾವಿಬ್ಬರೂ ಮಾಡಿದ್ದಮ್ಮ. ಮುಟ್ಟಿ ನೋಡಿ."