ಪಿತ್ತದ ಚೀಲ ಒಡೆಯದ ಕೈ

ದೋಹಾದಲ್ಲಿ ಸೂರ್ಯ ಇನ್ನೂ ಪೂರ್ತಿ ಮೇಲೆ ಬಂದಿಲ್ಲ, ಸೆಖೆ ಮಾತ್ರ ಆಗಲೇ ಹಾಜರ್. ಊರ ಹೊರಗಿನ ಸಣ್ಣ ದಕ್ಕೆಯಲ್ಲಿ ದೋಣಿಗಳು ಒಂದೊಂದಾಗಿ ಬಂದು ನಿಲ್ಲುತ್ತಿವೆ. ಅರುವತ್ತರ ಹತ್ತಿರ ಬಂದಿರುವ ಪಕೀರಬ್ಬ ಐಸ್ ಪೆಟ್ಟಿಗೆಯೊಳಗೆ ಮೊಣಕೈವರೆಗೆ ಕೈ ಇಳಿಸಿ ಒಂದು ಹಮೂರ್ ಎತ್ತುತ್ತಾರೆ. ನಮ್ಮ ಕರಾವಳಿಯವರು ಮುರು ಅನ್ನುವ ಮೀನು. ಕಿವಿರು ಬಿಡಿಸಿ ನೋಡಿ, ಮುಖ ಸಿಂಡರಿಸಿ, ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ತಮ್ಮ ಪೆಟ್ಟಿಗೆಗೆ ಹಾಕುತ್ತಾರೆ. "ಯಲ್ಲಾ, ಬೇಗ ಬೇಗ! ಬಿಸಿಲು ಏರಿದ್ರೆ ಎಲ್ಲ ಕೆಟ್ಟು ಹೋಗ್ತದೆ."

ಈ ಮೀನು ಯಾರ ಮನೆಯ ಸಾರಿಗೂ ಹೋಗುವುದಿಲ್ಲ, ಹೋಗುವುದು ಪ್ರಯೋಗಾಲಯಕ್ಕೆ. ಹತ್ತಿರದ ಕೊಲ್ಲಿಗೆ ಹಡಗು ರಿಪೇರಿ ಶೆಡ್‌ಗಳ ಎಣ್ಣೆ, ಬಣ್ಣ, ರಾಸಾಯನಿಕಗಳೆಲ್ಲ ಹರಿದು ಬರುತ್ತವೆ. ಅಲ್ಲಿನ ಮೀನಿನ ಮೈಗೆ ಏನಾಗಿದೆ ಎಂದು ತಿಳಿಯಲು ಮೊದಲು ಅದನ್ನು ಕತ್ತರಿಸಬೇಕು. ಆ ಕೆಲಸ ಪಕೀರಬ್ಬರದು.

ಉಳ್ಳಾಲದ ಈ ಮನುಷ್ಯ ದೋಹಾದ ಅಲ್ ಮುಂತಜಾ ಬಡಾವಣೆಯ ಮೀನಿನ ಅಂಗಡಿಯಲ್ಲಿ ಅರ್ಧ ಆಯುಷ್ಯ ಕತ್ತಿ ಹಿಡಿದವರು. ಪ್ರಯೋಗಾಲಯದ ಮೊದಲ ದಿನದ ಕಥೆಯನ್ನು ತಾವೇ ನಗುತ್ತಾ ಹೇಳುತ್ತಾರೆ. "ಮೇಡಂ ಕಟ್ ಮಾಡಿ ಅಂದ್ರು. ನಾನು ಕಿವಿರು, ಕರುಳು, ಪಿತ್ತ ಎಲ್ಲ ಬಿಸಾಡಿದೆ. ಕ್ಯಾಂಟೀನಿಂದ ಉಪ್ಪು ತಂದು ಉಜ್ಜಿ ತೊಳೆದೆ. ಸಾರಿಗೆ ಆಗುವ ಹಾಗೆ ತುಂಡು ಮಾಡಿ ಚಂದ ಜೋಡಿಸಿಟ್ಟೆ. ಶಾಬಾಶ್ ಅಂತಾರೆ ಅಂತ ಕಾದು ನಿಂತದ್ದು ಮಾರಾಯ್ರೆ!"

ಆ ಮೇಡಂ ಮೈಸೂರಿನ ವಿಜ್ಞಾನಿ ಗಾನವಿ. "ನಗ್ಬೇಕೋ ಅಳ್ಬೇಕೋ ಗೊತ್ತಾಗ್ಲಿಲ್ಲ. ನಮ್ಗೆ ಬೇಕಿದ್ದಿದ್ದೇ ಅವ್ರು ಬಿಸಾಕಿದ್ದು" ಎನ್ನುತ್ತಾರೆ. ನೀರಿಗೆ ಸೇರಿದ ಎಣ್ಣೆಯ ವಿಷವನ್ನು ಮೀನಿನ ಪಿತ್ತಜನಕಾಂಗ ಸೋಸಿ ಪಿತ್ತಕ್ಕೆ ಬಿಡುತ್ತದೆ. ಹಾಗಾಗಿ ಪರೀಕ್ಷೆಗೆ ಪಿತ್ತದ ಚೀಲ ಇಡಿಯಾಗಿ ಸಿಗಬೇಕು. ಒಡೆದರೆ ಆ ಮೀನು ಲೆಕ್ಕಕ್ಕಿಲ್ಲ. ಒಡೆದರೆ ಮೀನೆಲ್ಲ ಕಹಿಯಾಗುತ್ತದೆಂದು ಚೀಲ ಒಡೆಯದೆ ತೆಗೆಯಲು ಅಂಗಡಿಯಲ್ಲಿ ಪಳಗಿದ್ದ ಕೈ ಇಲ್ಲಿ ಬೇರೆಯೇ ಕೆಲಸಕ್ಕೆ ಬಂತು.

ಆದರೆ ಈ ಸಲ ಪಕೀರಬ್ಬರ ಮನಸ್ಸು ನೆಟ್ಟಗಿಲ್ಲ. ಆ ಕೊಲ್ಲಿಯಲ್ಲಿ ಬಲೆ ಬೀಸುವ ದೋಣಿಯಲ್ಲೇ ಹೆಂಡತಿ ಕುಲ್ಸುಂ ಅವರ ತಮ್ಮ ರಿಯಾಝ್ ದುಡಿಯುತ್ತಾನೆ. ಹಿಂದಿನ ಎರಡು ಪರೀಕ್ಷೆಗಳಲ್ಲೂ ವಿಷ ಕಂಡಿದೆ. ಇಂದಿನದರಲ್ಲೂ ಕಂಡರೆ ಅಲ್ಲಿ ಮೀನು ಹಿಡಿಯುವುದು ಬಂದ್, ದೋಣಿ ಬಂದ್, ರಿಯಾಝ್‌ನ ಕೆಲಸವೂ ಬಂದ್. ಶುಕ್ರವಾರದ ಊಟಕ್ಕೆ ಬಂದವನು ಬಾಯಿಬಿಟ್ಟೇ ಕೇಳಿದನಂತೆ: "ಭಾವ, ನಿಮ್ಮ ಕೈ ಸ್ವಲ್ಪ ಜಾರಿದ್ರೆ ಸಾಕು. ಯಾರಿಗೂ ಗೊತ್ತಾಗ್ಲಿಕ್ಕಿಲ್ಲ."

"ಖಲಾಸ್, ಆ ಮಾತು ಬೇಡ" ಎಂದರು ಪಕೀರಬ್ಬ. ರಿಯಾಝ್ ಬಟ್ಟಲು ದೂಡಿ ಎದ್ದು ಹೋದ. ಕುಲ್ಸುಂ ಅಂದಿನಿಂದ ಗಂಡನ ಜೊತೆ ಎಷ್ಟು ಬೇಕೋ ಅಷ್ಟೇ ಮಾತಾಡುತ್ತಾರೆ.

ಇವತ್ತು ದಕ್ಕೆಯಲ್ಲಿ ಮೀನಿನ ಪೆಟ್ಟಿಗೆ ಇಳಿಸಿಕೊಟ್ಟವನೂ ಅವನೇ. ಭಾವನ ಮುಖ ನೋಡದೆ ದೋಣಿಗೆ ಮರಳುತ್ತಾನೆ. ಪಕೀರಬ್ಬ ಪೆಟ್ಟಿಗೆಯ ಮುಚ್ಚಳ ಹಾಕುತ್ತಾರೆ.

ಪ್ರಯೋಗಾಲಯದಲ್ಲಿ ಮೊದಲ ಮೀನು ಸೀಳುವ ಮೊದಲು ಮೆಲ್ಲಗೆ ಬಿಸ್ಮಿಲ್ಲಾ ಹೇಳುತ್ತಾರೆ. ಕತ್ತಿಯ ತುದಿ ಹೊಟ್ಟೆಯೊಳಗೆ ಸರಿಯುತ್ತದೆ. ಪಿತ್ತಜನಕಾಂಗದ ಮೇಲೆ ಅಲ್ಲಲ್ಲಿ ಬಿಳಚಿದ ಕಲೆ. ಅಡಿಯಲ್ಲಿ ಕಡುಹಸಿರು ಚೀಲ. ಸ್ವಲ್ಪ ಒತ್ತಿದರೆ ಸಾಕು. ಪಕೀರಬ್ಬ ಕತ್ತಿ ಕೆಳಗಿಟ್ಟು, ಕೈ ಒರೆಸಿಕೊಂಡು, ಮತ್ತೆ ಹಿಡಿಯುತ್ತಾರೆ. ಚೀಲ ಇಡಿಯಾಗಿ ಹೊರಬರುತ್ತದೆ. ಎರಡನೆಯದು, ಮೂರನೆಯದು, ಹೀಗೆ ಪೆಟ್ಟಿಗೆ ಖಾಲಿಯಾಗುವವರೆಗೂ.

"ಎಲ್ಲ ಸರಿ ಉಂಟು ಮೇಡಂ. ಒಂದೂ ಒಡೀಲಿಲ್ಲ" ಎಂದು ತಟ್ಟೆ ಒಪ್ಪಿಸುತ್ತಾರೆ.

ಪರೀಕ್ಷೆಯ ಮೆಷಿನ್ ಏನು ಹೇಳೀತೆಂದು ಅವರಿಗೆ ಗೊತ್ತಿಲ್ಲ. ಊಹೆ ಮಾತ್ರ ಇದೆ, ಅದು ಒಳ್ಳೆಯದಲ್ಲ. ಬೇಜಾರಿಲ್ಲವೇ ಎಂದರೆ ನಲ್ಲಿಯಡಿ ಕೈ ತೊಳೆಯುತ್ತಾ ಹೇಳುತ್ತಾರೆ: "ಬೇಜಾರುಂಟು, ಇಲ್ಲ ಅಂತ ಹೇಳುದಿಲ್ಲ. ಆ ಕೊಲ್ಲಿಯ ಮೀನು ಯಾವ್ಯಾವುದೋ ಮನೆಯ ಮಕ್ಕಳ ಬಟ್ಟಲಿಗೆ ಹೋಗ್ತದೆ. ರಿಯಾಝ್‌ನ ಕೆಲಸ ಹೋದ್ರೆ ನಮ್ಮ ಮನೇಲಿ ಇರ್ಲಿ, ನಾನು ಸಾಕ್ತೇನೆ. ಆದ್ರೆ ಬೇಕಂತ ಜಾರಿದ ಕೈಯಲ್ಲಿ ಅವನಿಗೆ ಅನ್ನ ಬಡಿಸ್ಲಿಕ್ಕೆ ನನ್ನಿಂದಾಗುದಿಲ್ಲ."